ನಿಮ್ಮನ್ನು ಆರಿಸಲಾಗಿದೆ

ಊರಿನವರು ಬಸ್ಸಿನಲ್ಲಿ ಮರೆತುಬಿಟ್ಟು ಇಳಿದುಹೋದ ಸಾಮಾನನ್ನೆಲ್ಲ ಕಾಯುವುದು ನಮ್ಮ ಕೆಲಸ. ಬಸ್ ನಿಲ್ದಾಣದ ಹಿಂಬದಿಯಲ್ಲಿ, ಟಿಕೆಟ್ ಕೌಂಟರಿನ ಪಕ್ಕದ ಓಣಿ ಹಿಡಿದು ಬಂದರೆ 'ಕಳೆದ ವಸ್ತುಗಳ ವಿಭಾಗ' ಎಂಬ ಬೋರ್ಡು ಕಾಣುತ್ತದೆ. ಬೋರ್ಡಿನ ಕೊನೆಯ ಎರಡು ಅಕ್ಷರ ಉದುರಿ ಮೂರು ವರ್ಷವಾಯಿತು. ಅವು ಎಲ್ಲಿಗೆ ಹೋದವು ಎಂಬುದು ನಮಗೂ ಗೊತ್ತಿಲ್ಲ.

ಒಳಗೆ ಐದು ಮೇಜು, ಐದು ಕಂಪ್ಯೂಟರು. ಹಿಂದೆ ಉದ್ದನೆಯ ಉಗ್ರಾಣ, ಅದರಲ್ಲಿ ಸೂರಿನವರೆಗೂ ಕಬ್ಬಿಣದ ಅಟ್ಟಣೆಗಳು. ಮೊದಲನೇ ಮೇಜಿನಲ್ಲಿ ನಮ್ಮ ಮೇಲ್ವಿಚಾರಕಿ, ಎಲ್ಲರ ಬಾಯಲ್ಲೂ ಮೇಡಂ. ಎರಡು, ಮೂರನೆಯವು ಇಬ್ಬರು ಹಳೆಯ ಗುಮಾಸ್ತರವು. ನಾಲ್ಕನೆಯದು ನನ್ನದು. ಐದನೆಯದು ಕೊಡೆಯವರದು.

ಮಳೆಗಾಲದ ಒಂದೇ ತಿಂಗಳಲ್ಲಿ ನಮ್ಮಲ್ಲಿಗೆ ಇನ್ನೂರು ಕೊಡೆ ಬರುತ್ತವೆ, ಎಲ್ಲವೂ ಕಪ್ಪು. ಯಾವುದು ಯಾರದೆಂದು ಹಿಡಿ ಮುಟ್ಟಿ ನೋಡಿ ಹೇಳಬಲ್ಲವರು ಅವರೊಬ್ಬರೇ. ಅದಕ್ಕೇ ಆ ಹೆಸರು. ಛತ್ರಿ ಎಂದರೆ ಬೇರೆ ಅರ್ಥ ಬರುತ್ತದೆ, ಮನುಷ್ಯ ಪರಮ ಸಾಧು, ಆದ್ದರಿಂದ ಕೊಡೆಯವರು ಎಂದೇ ಕರೆದೆವು. ಅವರ ಪಕ್ಕದ ಮೇಜು ನನ್ನದಾದಂತೆ ಅವರ ಮನೆಯ ಕೆಳಗಿನ ಮನೆಯೂ ನನ್ನದೇ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಇನ್ನರ್ಧ ನಮ್ಮ ಮನೆಯ ತಾರಸಿಯ ಮೂಲಕ ಕಿವಿಗೆ ಇಳಿದದ್ದು.

ಕೊಡೆಯವರಿಗೆ ಬಾಳಿನಲ್ಲಿ ಇದ್ದದ್ದು ಒಂದೇ ಕೊರಗು, ಅವರ ಷಡ್ಡಕ. ಹೆಂಡತಿಯ ಅಕ್ಕನ ಗಂಡ. ಆ ಷಡ್ಡಕರು ತಮ್ಮ ಮನೆಯ ಗೋಡೆಗಳಿಂದ ಸ್ವಿಚ್ಚುಗಳನ್ನೆಲ್ಲ ಕೀಳಿಸಿ, ದೀಪ, ಫ್ಯಾನು, ಪರದೆ, ಎಲ್ಲವೂ ತಮ್ಮ ಮಾತು ಕೇಳಿ ನಡೆಯುವಂತೆ ಮಾಡಿಸಿಕೊಂಡಿದ್ದರು. ಮನೆಯಲ್ಲಿ ಮಾತು ಕೇಳುವವರು ಯಾರೂ ಇಲ್ಲದಿದ್ದಾಗ ಮನುಷ್ಯ ಹೀಗೆಲ್ಲ ಮಾಡಿಕೊಳ್ಳುತ್ತಾನೆ ಎಂದು ನನ್ನ ಅಭಿಪ್ರಾಯ. ಆದರೆ ಕೊಡೆಯವರ ಹೆಂಡತಿ ಮಾತ್ರ ಬಲ್ಬು ಹೋದಾಗಲೆಲ್ಲ ಭಾವನ ಮನೆಯ ಉದಾಹರಣೆ ಕೊಡುತ್ತಿದ್ದರು. ಬಲ್ಬು ಆಗಾಗ ಹೋಗುತ್ತಿತ್ತು.

ಹೀಗಿರುವಾಗ ಮುಖ್ಯ ಕಚೇರಿಯಿಂದ ಒಂದೇ ದಿನ ಎರಡು ಸುತ್ತೋಲೆ ಬಂದವು. ಮೇಡಂ ಎರಡನ್ನೂ ಒಂದೇ ಉಸಿರಿನಲ್ಲಿ ಓದಿದರು. ಒಂದು, ಕರೆಂಟು ಉಳಿಸಲೆಂದು ಎಲ್ಲ ಕಂಪ್ಯೂಟರುಗಳಿಗೂ ಶಕ್ತಿ ಉಳಿತಾಯ ಯೋಜನೆ ಎಂಬ ಹೊಸ ವ್ಯವಸ್ಥೆ ಹಾಕಲಾಗಿದೆ. ಇನ್ನೊಂದು, ಐದು ಮೇಜಿನ ವಿಭಾಗಗಳಲ್ಲಿ ತಿಂಗಳ ಕೊನೆಗೆ ಒಂದು ಮೇಜು ಎತ್ತಲಾಗುವುದು. ಎತ್ತಿದ ಮೇಜಿನವರು ಊರಾಚೆಯ ಟೈರು ಗೋದಾಮಿಗೆ ಹೋಗತಕ್ಕದ್ದು. ಮೊದಲನೆಯದು ಯಾರ ಕಿವಿಗೂ ಬೀಳಲಿಲ್ಲ. ಎರಡನೆಯದು ಐವರಿಗೂ ಬಾಯಿಪಾಠವಾಯಿತು. ಟೈರು ಗೋದಾಮಿಗೆ ಕಿಟಕಿಯಿಲ್ಲ, ಬಸ್ಸಿನ ಇಲಾಖೆಯದೇ ಆದರೂ ಅಲ್ಲಿಗೆ ಬಸ್ಸಿಲ್ಲ. ಅಲ್ಲಿಗೆ ಹೋದವರ ಮೈಯಿಂದ ರಬ್ಬರಿನ ವಾಸನೆ ನಿವೃತ್ತಿಯಾದ ಮೇಲೂ ಹೋಗುವುದಿಲ್ಲವಂತೆ. ಕೊಡೆಯವರಿಗೆ ನಿವೃತ್ತಿಗೆ ನಾಲ್ಕೇ ವರ್ಷ ಉಳಿದಿತ್ತು. ಕೊನೆಯ ಮೇಜು ತನ್ನದು, ಎತ್ತುವವರು ಬಾಗಿಲ ಹತ್ತಿರದ್ದನ್ನೇ ಮೊದಲು ಎತ್ತುತ್ತಾರೆ ಎಂದು ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೂರನೆಯ ದಿನ ಪವಾಡ ನಡೆಯಿತು. ಕೊಡೆಯವರು ಯಾರದೋ ಒಂಟಿ ಕೈಗವಸು ಹುಡುಕಲು ಉಗ್ರಾಣಕ್ಕೆ ಹೋಗಿ ಅರ್ಧ ಗಂಟೆ ಬಿಟ್ಟು, ತಲೆಯ ಮೇಲೆ ಜೇಡರಬಲೆ ಹೊತ್ತುಕೊಂಡು ಹೊರಗೆ ಬಂದರು. ತಮ್ಮ ಕಂಪ್ಯೂಟರು ನೋಡಿದವರು ಅಲ್ಲೇ ನಿಂತುಬಿಟ್ಟರು. ಪರದೆ ಕಪ್ಪಾಗಿತ್ತು. ನಟ್ಟನಡುವೆ ಬಿಳಿಯ ಅಕ್ಷರಗಳಲ್ಲಿ ಹೀಗೆ ಬರೆದಿತ್ತು:

'ಶಕ್ತಿ ಉಳಿತಾಯ ಯೋಜನೆ. ಐದನೇ ಮೇಜು. ನಿಮ್ಮನ್ನು ಆರಿಸಲಾಗಿದೆ.'

ನಾವೆಲ್ಲ ಕುರ್ಚಿ ಬಿಟ್ಟು ಓಡಿಬಂದೆವು. ಮೇಡಂ ಕನ್ನಡಕ ಏರಿಸಿ ಮೂರು ಸಲ ಓದಿದರು. ಹತ್ತು ನಿಮಿಷ ಅಕ್ಷರಗಳು ಹಾಗೇ ಇದ್ದು, ಆಮೇಲೆ ಅವೂ ಮಾಯವಾದವು. ಕಂಪ್ಯೂಟರು ಪೂರ್ತಿ ಆರಿಹೋಯಿತು. ಎರಡನೇ ಮೇಜಿನವರಿಗೆ ಇದು ಸ್ವಲ್ಪ ಅನುಮಾನ ತಂದಿತು. ಮೇಡಂ ಅದನ್ನು ಕೂಡಲೇ ಪರಿಹರಿಸಿದರು. ಯೋಜನೆಯೇ ಶಕ್ತಿ ಉಳಿತಾಯದ್ದು, ಹೇಳಬೇಕಾದ ಸುದ್ದಿ ಹೇಳಿಯಾದ ಮೇಲೆ ಸುಮ್ಮನೆ ಉರಿಯುತ್ತಾ ಕೂತಿರುತ್ತದೆಯೇ ಎಂದರು. ಎಲ್ಲರಿಗೂ ಒಪ್ಪಿಗೆಯಾಯಿತು. ಓದುಗರಿಗೆ ಈಗಾಗಲೇ ಏನಾದರೂ ಹೊಳೆದಿದ್ದರೆ ಅವರು ಬುದ್ಧಿವಂತರು. ನಾವು ಐದು ಜನ ಸರ್ಕಾರಿ ಪರೀಕ್ಷೆ ಪಾಸು ಮಾಡಿದವರು, ನಮಗೆ ಹೊಳೆಯಲಿಲ್ಲ.

"ಆರಿಸಿದ್ದಾರೆ ಅಂದ್ರೆ ಆರಿಸಿದ್ದಾರೆ" ಎಂದು ಮೇಡಂ ತೀರ್ಪು ಕೊಟ್ಟರು. "ಇಡೀ ವಿಭಾಗದಲ್ಲಿ ನಿಮ್ಮೊಬ್ಬರನ್ನೇ. ಇನ್ನು ನಿಮ್ಮ ಮೇಜು ಮುಟ್ಟೋರು ಯಾರಿದ್ದಾರೆ ಹೇಳಿ."

ಕೊಡೆಯವರು ಕೈಗವಸನ್ನು ಎದೆಗೆ ಒತ್ತಿ ಹಿಡಿದು ಕೂತರು. ಆ ಕೈಗವಸಿನ ಯಜಮಾನಿ ಕೌಂಟರಿನಲ್ಲಿ ಕಾಯುತ್ತಲೇ ಇದ್ದರು.

ಅಂದು ಸಂಜೆ ನನ್ನ ತಾರಸಿಯ ಮೇಲೆ ಬಹಳ ಓಡಾಟ ಕೇಳಿಸಿತು. ಕೊಡೆಯವರ ಹೆಂಡತಿ ಅಕ್ಕನಿಗೆ ಫೋನು ಮಾಡಿದರು. ಸುದ್ದಿ ಹೇಳುವಾಗ ದನಿ ಎತ್ತರವಾಗಿದ್ದರಿಂದ ನಾನು ಕಿವಿಗೊಡಬೇಕಾದ ಪ್ರಮೇಯವೂ ಬರಲಿಲ್ಲ. ಇವರನ್ನು ಕರೆಂಟು ಉಳಿಸೋದಕ್ಕೆ ಆರಿಸಿದ್ದಾರೆ, ಇವರು ಅರ್ಜಿ ಹಾಕಿರಲೇ ಇಲ್ಲ, ಕಂಪ್ಯೂಟರೇ ಹುಡುಕಿಕೊಂಡು ಬಂದು ಆರಿಸಿತು, ಎಂದು ಮೂರು ಸಲ ಹೇಳಿದರು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅಕ್ಕನ ಕಡೆಯಿಂದ ಉತ್ತರ ಬಾರದೆ ಇದ್ದದ್ದು ಅದೇ ಮೊದಲಂತೆ.

ಮರುದಿನದಿಂದ ನಮ್ಮ ಕಟ್ಟಡಕ್ಕೆ ಕೊಡೆಯವರೇ ಶಕ್ತಿ ಇಲಾಖೆ. ಬೆಳಗ್ಗೆ ಆರಕ್ಕೆ ಎದ್ದು ಮೆಟ್ಟಿಲಿನ ದೀಪಗಳನ್ನು ಒಂದೊಂದಾಗಿ ನಂದಿಸುತ್ತಾ ಇಳಿಯುವರು. ಯಾರ ಮನೆಯ ಬಾಗಿಲು ತೆರೆದಿದ್ದರೂ ನಿಂತು, ಚಾರ್ಜು ಮುಗಿದ ಮೇಲೂ ಫೋನು ಯಾಕೆ ಸಿಕ್ಕಿಸಿದೆ, ಟಿ.ವಿ. ಕೆಳಗೆ ಆ ಕೆಂಪು ಚುಕ್ಕಿ ಯಾಕೆ ಉರಿಯುತ್ತಿದೆ ಎಂದು ಮೃದುವಾಗಿ ವಿಚಾರಿಸುವರು. ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ಮುಚ್ಚಿದಾಗ ಒಳಗಿನ ದೀಪ ನಿಜವಾಗಿ ಆರುತ್ತದೋ ಇಲ್ಲವೋ ಎಂಬ ಸಂಶಯ ಅವರನ್ನು ಎರಡು ದಿನ ಕಾಡಿತು. ಬಾಗಿಲು ಫಕ್ಕನೆ ತೆಗೆದು ಅದನ್ನು ಹಿಡಿಯಲು ನೋಡಿದರು. ದೀಪ ಅವರಿಗಿಂತ ಚುರುಕಾಗಿತ್ತು. ಮೇಲಿನ ಮಹಡಿಯ ದರ್ಜಿ, ಇಸ್ತ್ರಿಪೆಟ್ಟಿಗೆ ಉರಿಯುತ್ತಿರುವಾಗ ಅವರನ್ನು ಕಂಡರೆ ಅದರ ಮೇಲೆ ಬಟ್ಟೆ ಮುಚ್ಚಿ ಬಚ್ಚಿಡತೊಡಗಿದ. ಒಂದು ಅಂಗಿ ಸುಟ್ಟಿತು. ಆದರೂ ಯಾರೂ ಎದುರು ಮಾತಾಡಲಿಲ್ಲ. ಆರಿಸಿದ ಮನುಷ್ಯನಿಗೆ ಏನೆನ್ನುವುದು?

ಕಚೇರಿಯಲ್ಲಿ ನಮ್ಮ ಹೊಟ್ಟೆಯುರಿ ಬೇರೆ ಬಗೆಯದು. ಮೇಜು ಎತ್ತುವುದು ಇನ್ನು ನಾಲ್ವರಲ್ಲಿ ಒಬ್ಬರದು ಎಂದಾಯಿತಲ್ಲ. ನಮ್ಮನ್ನೂ ಆರಿಸಲಿ ಎಂದು ನಾವು ಕಂಪ್ಯೂಟರಿನ ಎದುರು ಬೆನ್ನು ನೆಟ್ಟಗೆ ಮಾಡಿ ಕೂತೆವು. ಒಂದು ಕ್ಷಣವೂ ಕೈ ಎತ್ತಲಿಲ್ಲ. ಕೆಲಸವಿದ್ದಾಗ ಕೆಲಸ, ಕೆಲಸವಿಲ್ಲದಾಗ ಇಸ್ಪೀಟು. ಕಂಪ್ಯೂಟರಿನಲ್ಲಿ ಎಲೆ ಹರಡಿಕೊಂಡು ಒಬ್ಬರೇ ಆಡುವ ಆಟವೊಂದಿದೆ, ನಮ್ಮ ವಿಭಾಗದ ಉಸಿರೇ ಅದು. ಮೇಡಂ ಮಾತ್ರ ಮೇಲಧಿಕಾರಿಯಾದ್ದರಿಂದ ಬಣ್ಣಬಣ್ಣದ ಹಣ್ಣು ಜೋಡಿಸುವ ಆಟ ಆಡುತ್ತಿದ್ದರು. ನಾವು ಎಷ್ಟು ಕುಟ್ಟಿದರೂ ಯೋಜನೆ ನಮ್ಮತ್ತ ತಿರುಗಿ ನೋಡಲಿಲ್ಲ. ಅತ್ತ ಕೊಡೆಯವರು ಉಗ್ರಾಣಕ್ಕೆ ಹೋಗಿ ಬಂದಾಗಲೆಲ್ಲ ಅದೇ ಸುದ್ದಿ. ನಿಮ್ಮನ್ನು ಆರಿಸಲಾಗಿದೆ. ಸೋಮವಾರ ಎರಡು ಸಲ, ಬುಧವಾರ ಮೂರು ಸಲ. ಪ್ರತಿ ಸಲವೂ ಅವರು ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡರು. ಅವರ ಹೆಂಡತಿ ಅವನ್ನು ಅಂಗಡಿಯಲ್ಲಿ ಅಚ್ಚು ಹಾಕಿಸಿ, ಮದುವೆ ಫೋಟೋಗಳ ಆಲ್ಬಮ್ಮಿನಲ್ಲಿ ಖಾಲಿ ಉಳಿದಿದ್ದ ಹಾಳೆಗಳಿಗೆ ಅಂಟಿಸಿದರು. ಹದಿನಾಲ್ಕು ಫೋಟೋ, ಎಲ್ಲವೂ ಒಂದೇ ಥರ, ಕಪ್ಪು.

ಈ ನಡುವೆ ಒಂದು ಭಾನುವಾರ ಷಡ್ಡಕರ ಮನೆಯಿಂದ ಕರೆ ಬಂತು. ಬಂದು ತಮ್ಮ ಮನೆಯನ್ನೂ ನೋಡಿ ಎರಡು ಸಲಹೆ ಕೊಡಬೇಕಂತೆ. ಕೊಡೆಯವರು ಸಾಕ್ಷಿಗೆಂದು ನನ್ನನ್ನೂ ಕರೆದುಕೊಂಡು ಹೋದರು. ಷಡ್ಡಕರು ನಡುಮನೆಯಲ್ಲಿ ನಿಂತು, ದೀಪ ಹಚ್ಚಿಕೋ, ಎಂದರು. ಹಚ್ಚಿಕೊಂಡಿತು. ಪರದೆ ಸರಿ, ಎಂದರು. ಸರಿಯಿತು. ಹೊರಗೆ ಬಿಸಿಲಿತ್ತು, ಎರಡೂ ಬೇಕಿರಲಿಲ್ಲ, ಆದರೂ ನೋಡಲು ಚೆನ್ನಾಗಿತ್ತು. ಬಳಿಕ ಬೇಡದ ದೀಪವನ್ನೆಲ್ಲ ತನ್ನಷ್ಟಕ್ಕೆ ಆರಿಸುವ ಸಲಕರಣೆಯೆಂದು ಕಪಾಟಿನ ಮೂಲೆಯ ಕಂಪ್ಯೂಟರನ್ನೂ ಅದರ ಪಕ್ಕ ಹಸಿರು ಮಿಣುಕುವ ಪುಟ್ಟ ಪೆಟ್ಟಿಗೆಯನ್ನೂ ತೋರಿಸಿದರು. ಕೊಡೆಯವರು ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿದರು. ಬೆಚ್ಚಗಿತ್ತು.

"ಉಳಿದದ್ದನ್ನೆಲ್ಲ ಆರಿಸೋದಕ್ಕೆ ಇದು ಯಾವಾಗಲೂ ಉರೀತಾ ಇರಬೇಕಾ?" ಎಂದು ಕೇಳಿದರು.

ಷಡ್ಡಕರು ಉತ್ತರ ಕೊಡಲು ಬಾಯಿ ತೆರೆದದ್ದಷ್ಟೇ. ಕೊಡೆಯವರು ಯಾವ ದುರುದ್ದೇಶವೂ ಇಲ್ಲದೆ, ದಿನವೂ ಮೆಟ್ಟಿಲ ಮೇಲೆ ಮಾಡುವಂತೆ, ಅದರ ಗುಂಡಿ ಒತ್ತಿದರು. ಮನೆ ಕಿವುಡಾಯಿತು. ಪರದೆಗಳು ಸರಿದು ಮುಚ್ಚಿಕೊಂಡವು, ದೀಪಗಳು ಆರಿದವು. ಪೆಟ್ಟಿಗೆಗೆ ಮತ್ತೆ ಜೀವ ಬರಲು ಷಡ್ಡಕರ ಫೋನಿಗೆ ಒಂದು ಸಂಖ್ಯೆ ಬರಬೇಕು, ಫೋನು ಕತ್ತಲಲ್ಲಿ ಎಲ್ಲೋ ಇದೆ. ಗೋಡೆ ತಡವಿದರೆ ಸ್ವಿಚ್ಚಿಲ್ಲ. ಷಡ್ಡಕರು ಹಾಡುಹಗಲಲ್ಲಿ ಕತ್ತಲ ಮನೆಯ ನಡುವೆ ನಿಂತು, ದೀಪ ಹಚ್ಚಿಕೋ, ಹಚ್ಚಿಕೊಳ್ಳೇ, ಹಚ್ಚಿಕೊಳ್ಳಮ್ಮಾ, ಎಂದು ಗೋಗರೆಯುತ್ತಿದ್ದುದನ್ನು ನಾನು ಸಾಯುವವರೆಗೂ ಮರೆಯಲಾರೆ. ಕೊನೆಗೆ ಅವರ ಹೆಂಡತಿ ಬಂದು ಕೈಯಿಂದ ಪರದೆ ಎಳೆದರು. ಬಿಸಿಲು ಒಳಗೆ ಬಂತು. ಬರುವ ದಾರಿಯುದ್ದಕ್ಕೂ ಕೊಡೆಯವರ ನಡಿಗೆಯಲ್ಲಿ ಒಂದು ಹೊಸ ಠೀವಿ ಇತ್ತು.

ತಿಂಗಳ ಕೊನೆಯ ವಾರ ಮುಖ್ಯ ಕಚೇರಿಯಿಂದ ಪರಿಶೀಲನಾಧಿಕಾರಿ ಬಂದರು. ಗಿಡ್ಡನೆಯ ಹೆಂಗಸು, ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಒಂದು ಉದ್ದ ಪಟ್ಟಿ. ಬಂದವರು ಕೂತು, ಐದನೇ ಮೇಜು ಯಾರದು ಎಂದು ಕೇಳಿದರು. ಕೊಡೆಯವರಿಗೆ ಅದಕ್ಕಿಂತ ಹೆಚ್ಚಿನ ಕರೆ ಬೇಕಾಗಿರಲಿಲ್ಲ. ತಮ್ಮ ಚೀಲದಿಂದ ಆಲ್ಬಮ್ಮು ತೆಗೆದು ಎರಡೂ ಕೈಯಲ್ಲಿ ಅವರ ಮುಂದಿಟ್ಟರು.

"ನನ್ನದೇ ಮೇಡಂ. ನನ್ನ ಬಾಯಿಂದ ಹೇಳಿಕೋಬಾರದು. ಹದಿನಾಲ್ಕು ಸಲ ಆರಿಸಿದ್ದಾರೆ. ತಾರೀಕು, ಸಮಯ ಎಲ್ಲ ಕೆಳಗೆ ಬರೆದಿದ್ದೀನಿ."

ಅಧಿಕಾರಿಣಿ ಮೊದಲ ನಾಲ್ಕು ಹಾಳೆ ತಿರುವಿದರು. ಅದರಲ್ಲಿ ಮದುವೆಯ ಫೋಟೋ ಇತ್ತು. ಐದನೆಯದರಿಂದ ಕಪ್ಪು ಶುರುವಾಯಿತು. ಅವರು ತಮ್ಮ ಪಟ್ಟಿಯನ್ನೂ ಆಲ್ಬಮ್ಮನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದರು. ಒಂದು ನಿಮಿಷವೂ ವ್ಯತ್ಯಾಸವಿರಲಿಲ್ಲ.

"ನನ್ನ ಸೇವೆಯಲ್ಲಿ ತಪ್ಪಿನ ಪುರಾವೆಯನ್ನ ಇಷ್ಟು ಅಚ್ಚುಕಟ್ಟಾಗಿ ಯಾರೂ ತಂದುಕೊಟ್ಟಿಲ್ಲ" ಎಂದರು.

ಆಮೇಲೆ ವಿವರಿಸಿದರು. ಕಂಪ್ಯೂಟರನ್ನು ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ವ್ಯವಸ್ಥೆ ಅದನ್ನು ತಾನೇ ಆರಿಸುತ್ತದೆ. ಊಟದ ಹೊತ್ತನ್ನು ಹಿಡಿಯುವುದಿಲ್ಲ. ಆರಿಸುವುದೆಂದರೆ ದೀಪ ಆರಿಸಿದ ಹಾಗೆ, ನಂದಿಸುವುದು. ಬರೆದವರು 'ನಿಮ್ಮ ಕಂಪ್ಯೂಟರನ್ನು' ಎಂದೇ ಬರೆದಿದ್ದರು, ಪರದೆಯಲ್ಲಿ ಜಾಗ ಸಾಲದೆ 'ನಿಮ್ಮನ್ನು' ಎಂದು ಮೊಟಕು ಮಾಡಿದ್ದಾರೆ. ಯಾವ ಮೇಜು ಹೆಚ್ಚು ಸಲ ಆರಿದೆಯೋ ಆ ಮೇಜಿಗೆ ಕೆಲಸವಿಲ್ಲ ಎಂದರ್ಥ. ಎತ್ತಬೇಕಾದ ಮೇಜು ಯಾವುದು ಎಂದು ನೋಡಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಈ ವಿಭಾಗದ ಉಳಿದ ನಾಲ್ಕು ಮೇಜುಗಳು ತಿಂಗಳಿಡೀ ಒಂದು ಸಲವೂ ಆರಿಲ್ಲ, ಬಹಳ ಸಂತೋಷ.

ನಾವು ನಾಲ್ವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊಡೆಯವರು ಆಲ್ಬಮ್ಮನ್ನು ಮೆಲ್ಲಗೆ ಮುಚ್ಚಿದರು. ಆ ಅರ್ಧರ್ಧ ಗಂಟೆ ಎಲ್ಲಿದ್ದಿರಿ ಎಂದು ಅಧಿಕಾರಿಣಿ ಕೇಳಿದರೆ, ಒಳಗಿದ್ದೆ, ಎಂದಷ್ಟೇ ಹೇಳಿದರು. ಒಳಗೆ ಏನು ಮಾಡುತ್ತಿದ್ದರು ಎಂದು ನಾನಾದರೂ ಹೇಳಬಹುದಿತ್ತು. ಹೇಳಿದರೆ ಮುಂದಿನ ಪ್ರಶ್ನೆ, ನೀವು ಹೊರಗೆ ಏನು ಮಾಡುತ್ತಿದ್ದಿರಿ, ಎಂದೇ ಬರುತ್ತದೆ. ನನಗೆ ನಾಚಿಕೆಯಾಯಿತು, ಆದರೂ ಸುಮ್ಮನಿದ್ದೆ.

ಅಷ್ಟರಲ್ಲಿ ಕೌಂಟರಿಗೆ ಗಡಿಯಾರ ರಿಪೇರಿಯವರೊಬ್ಬರು ಬಂದರು. ಬಸ್ಸಿನಲ್ಲಿ ಒಂದು ಡಬ್ಬ ಬಿಟ್ಟಿದ್ದರಂತೆ. ಅದರೊಳಗೆ ಇಪ್ಪತ್ತು ವರ್ಷ ಕೂಡಿಹಾಕಿದ ಸಣ್ಣ ಸ್ಪ್ರಿಂಗು, ಚಕ್ರ, ಮುಳ್ಳು, ಈಗ ಎಲ್ಲೂ ಸಿಗದಂಥವು. ಅಧಿಕಾರಿಣಿಯೇ ಉತ್ಸಾಹದಿಂದ ಮೂರನೇ ಮೇಜಿನ ಕಂಪ್ಯೂಟರಿನಲ್ಲಿ ಗಡಿಯಾರ ಎಂದು ಹುಡುಕಿದರು. ಇಲ್ಲ. ಸ್ಪ್ರಿಂಗು, ಇಲ್ಲ. ಬಿಡಿಭಾಗ, ಇಲ್ಲ. ಬಂದವರು ಚಪ್ಪಲಿ ಎಳೆಯುತ್ತಾ ತಿರುಗಿ ಹೊರಟರು.

"ಒಂದು ನಿಮಿಷ ಸಾರ್" ಎಂದರು ಕೊಡೆಯವರು, ಅಭ್ಯಾಸಬಲದಿಂದ. "ಡಬ್ಬದ ಮೇಲೆ ಏನು ಚಿತ್ರ ಇತ್ತು?"

"ಚಿತ್ರಾನಾ? ಬಿಸ್ಕತ್ತು. ಹಳೇ ಬಿಸ್ಕತ್ತಿನ ಡಬ್ಬ ಅದು."

ಕೊಡೆಯವರು ತಲೆಯಾಡಿಸಿ, ಬಸ್ಸಿನ ನಂಬರು, ಕೂತ ಕಡೆ ಕೇಳಿಕೊಂಡು, ಉಗ್ರಾಣದೊಳಕ್ಕೆ ಹೋದರು. ತನ್ನ ಮೇಜು ಎತ್ತುತ್ತಾರೆಂದು ಐದು ನಿಮಿಷದ ಹಿಂದಷ್ಟೇ ಕೇಳಿದ ಮನುಷ್ಯ ಅದು.

ಅಧಿಕಾರಿಣಿಗೆ ಕಾಯುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಕಾಯುವಾಗ ಮನುಷ್ಯರು ಓಡಾಡುತ್ತಾರೆ. ಓಡಾಡುತ್ತಾ ಬಂದು ಅವರು ನನ್ನ ಬೆನ್ನ ಹಿಂದೆ ನಿಂತರು. ನಾನು ಗಾಬರಿಯಲ್ಲಿ ಮುಚ್ಚಬೇಕಾದದ್ದನ್ನು ಬಿಟ್ಟು ತೆರೆಯಬಾರದ್ದನ್ನು ಒತ್ತಿದೆ. ಪರದೆಯ ತುಂಬ ಎಲೆಗಳು ಹರಡಿಕೊಂಡವು, ಅರ್ಧ ಆಡಿದ ಆಟ. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ಕಪ್ಪು ಹತ್ತರ ಮೇಲೆ ಈ ಕೆಂಪು ಒಂಬತ್ತು ಕೂರುತ್ತೆ" ಎಂದರು. "ನೋಡಲಿಲ್ವಾ?"

ನೋಡಿರಲಿಲ್ಲ. ಅವರು ಮೌಸು ತೆಗೆದುಕೊಂಡು ಎಲೆಯನ್ನು ತಾವೇ ಕೂರಿಸಿ, ಮೂರನೇ ಮೇಜಿಗೆ ಹೋದರು. ಅಲ್ಲಿಂದ ಎರಡನೆಯದಕ್ಕೆ. ಮೊದಲನೆಯದರಲ್ಲಿ ಹಣ್ಣುಗಳನ್ನು ಕಂಡು ಸ್ವಲ್ಪ ಹೊತ್ತು ನಿಂತರು. ಮೇಡಂ ಆ ಹೊತ್ತಿಗೆ ಕಿಟಕಿಯ ಹೊರಗೆ ಯಾವುದೋ ಬಸ್ಸನ್ನು ಬಹಳ ಆಸ್ಥೆಯಿಂದ ನೋಡುತ್ತಿದ್ದರು.

ಅಷ್ಟರಲ್ಲಿ ಐದನೇ ಮೇಜಿನ ಪರದೆ ಕಪ್ಪಾಯಿತು. ಬಿಳಿ ಅಕ್ಷರಗಳು ಮೂಡಿದವು. ನಿಮ್ಮನ್ನು ಆರಿಸಲಾಗಿದೆ. ಅದೇ ಗಳಿಗೆಗೆ ಉಗ್ರಾಣದ ಬಾಗಿಲು ತೆರೆದು ಕೊಡೆಯವರು ಮೊಣಕಾಲಿನವರೆಗೂ ಧೂಳು ಮೆತ್ತಿಕೊಂಡು ಹೊರಗೆ ಬಂದರು. ಕೈಯಲ್ಲಿ ಬಿಸ್ಕತ್ತಿನ ಡಬ್ಬ. ಕಂಪ್ಯೂಟರಿನ ಪಟ್ಟಿಯಲ್ಲಿ ಅದು 'ತಿಂಡಿ, ಒಂದು ಡಬ್ಬ' ಎಂದು ದಾಖಲಾಗಿತ್ತು. ದಾಖಲಿಸಿದವನು ನಾನೇ, ಮುಚ್ಚಳ ತೆಗೆದು ನೋಡಿರಲಿಲ್ಲ. ಗಡಿಯಾರದವರು ಡಬ್ಬ ಅಲ್ಲಾಡಿಸಿ ಕಿವಿಗೆ ಹಿಡಿದು ಕೇಳಿದರು, ಕೇಳಿ ಕಣ್ಣು ಒರೆಸಿಕೊಂಡರು. ಕೊಡೆಯವರ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಅಧಿಕಾರಿಣಿ ಪರದೆಯನ್ನೊಮ್ಮೆ, ಡಬ್ಬವನ್ನೊಮ್ಮೆ ನೋಡಿ, ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು, ಆಲ್ಬಮ್ಮನ್ನೂ ಕಡತಕ್ಕೆ ಬೇಕು ಎಂದು ತೆಗೆದುಕೊಂಡು, ಒಂದೂ ಮಾತಾಡದೆ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾಲ್ಕು ದಿನ ನಮ್ಮ ವಿಭಾಗದಲ್ಲಿ ಯಾರೂ ಎಲೆ ಮುಟ್ಟಲಿಲ್ಲ. ಐದನೆಯ ದಿನ, ಶುಕ್ರವಾರ ಸಂಜೆ, ಕೊಡೆಯವರ ಹೆಸರಿಗೆ ಲಕೋಟೆ ಬಂತು. ಒಳಗೆ ಎರಡೇ ಸಾಲು. 'ಶಕ್ತಿ ಉಳಿತಾಯ ಯೋಜನೆಯಡಿ ನಿಮ್ಮನ್ನು ಆರಿಸಲಾಗಿದೆ. ಸೋಮವಾರ ಬೆಳಗ್ಗೆ ಹತ್ತಕ್ಕೆ ಮುಖ್ಯ ಕಚೇರಿಯಲ್ಲಿ ಹಾಜರಾಗತಕ್ಕದ್ದು.' ಅಷ್ಟೆಲ್ಲ ಆದ ಮೇಲೂ ಅದೇ ಪದ. ಮೊದಲ ಸಲ ಆ ಮಾತನ್ನು ಓದಿ ಎದೆ ಉಬ್ಬಿಸಿದ್ದ ಕೊಡೆಯವರು ಈಗ ಓದಿ ಕುಗ್ಗಿಹೋದರು. ಉಗ್ರಾಣದ ಬೀಗದ ಕೈಗಳನ್ನು ಮೇಡಂ ಮೇಜಿನ ಮೇಲಿಟ್ಟರು. ತಮ್ಮ ಚಹಾದ ಲೋಟವನ್ನು ತೊಳೆದು ಒರೆಸಿ ನನಗೆ ಕೊಟ್ಟರು. ಕಿಟಕಿ ಕಡೆಯ ಮೂರನೇ ಅಟ್ಟಣೆಯಲ್ಲಿ ಒಂದು ಕೊಳಲಿದೆ, ಅದರವರು ಬಂದೇ ಬರುತ್ತಾರೆ, ಒಂದು ಸಲ ನುಡಿಸಲು ಹೇಳಿ ಕೇಳಿಸಿಕೊಂಡು ಕೊಡು ಎಂದರು.

ಆ ಸಂಜೆ ತಾರಸಿಯ ಮೇಲೆ ಓಡಾಟವೇ ಇರಲಿಲ್ಲ. ನಾನು ತಡೆಯಲಾರದೆ ಮೇಲೆ ಹೋದೆ. ಷಡ್ಡಕರೂ ಬಂದು ಕೂತಿದ್ದರು. ಕುಟುಕುತ್ತಾರೆ ಅಂದುಕೊಂಡೆ. ಅವರು ಕೆಮ್ಮಿ, ಮನೆಯ ಪ್ರತಿ ಕೋಣೆಗೂ ಒಂದೊಂದು ಮಾಮೂಲಿ ಸ್ವಿಚ್ಚು ವಾಪಸು ಹಾಕಿಸಿದೆ, ಒತ್ತಿದರೆ ಹತ್ತುತ್ತದೆ, ಎಷ್ಟು ನೆಮ್ಮದಿ ಎಂದರು. ಅವರ ಮಟ್ಟಿಗೆ ಅದು ಕ್ಷಮಾಪಣೆ. ಕೊಡೆಯವರ ಹೆಂಡತಿ ಕಣ್ಣು ಕೆಂಪಗಿದ್ದರೂ ದನಿ ಗಟ್ಟಿಯಾಗಿತ್ತು.

"ಟೈರ್ ಗೋದಾಮಾದ್ರೆ ಟೈರ್ ಗೋದಾಮು ರೀ" ಎಂದರು. "ಊಟದ ಡಬ್ಬಿ ಅಲ್ಲಿಗೂ ಬರುತ್ತೆ. ನಿಮ್ಮ ಬಟ್ಟೆ ಒಗೆಯೋಳು ನಾನು ತಾನೇ. ಯಾವ ವಾಸನೆ ಉಳಿಯುತ್ತೋ ನೋಡ್ತೀನಿ."

ನನಗೆ ಕೆಳಗೆ ಬಂದ ಮೇಲೂ ಆ ಮಾತು ಹೋಗಲಿಲ್ಲ. ಶನಿವಾರ ಬೆಳಗ್ಗೆ ಕಚೇರಿಗೆ ಹೋದವನೇ ಮುಖ್ಯ ಕಚೇರಿಗೆ ಫೋನು ಹಚ್ಚಿದೆ. ಧೈರ್ಯವಿದ್ದದ್ದರಿಂದಲ್ಲ. ಕೊಡೆಯವರ ಲೋಟದಲ್ಲಿ ಚಹಾ ಕುಡಿಯಲಾಗಲಿಲ್ಲ, ಅದಕ್ಕೆ. ಫೋನು ಎತ್ತಿದವರು ಅದೇ ಅಧಿಕಾರಿಣಿ.

"ಐದನೇ ಮೇಜಿನ ಕಾಗದದ ವಿಚಾರ ಮೇಡಂ. ಆರಿಸಲಾಗಿದೆ ಅಂತ ಬರೆದಿದ್ದೀರಿ. ಅದು ಹೆಕ್ಕೋ ಕಡೇದೋ, ನಂದಿಸೋ ಕಡೇದೋ?"

ಆ ಕಡೆಯಿಂದ ಅವರು ನಕ್ಕ ಸದ್ದು ಕೇಳಿಸಿತು.

"ಆಯ್ಕೆ ಕಣ್ರೀ, ಆಯ್ಕೆ. ಯಾರೋ ಟೈಪ್ ಮಾಡಿದ್ದಾರೆ, ನಾನೂ ನೋಡದೆ ಸಹಿ ಹಾಕಿದೆ."

ಕೊಡೆಯವರ ಮೇಜು ಎಲ್ಲಿಗೂ ಹೋಗುವುದಿಲ್ಲವಂತೆ. ಇಡೀ ಇಲಾಖೆಯಲ್ಲಿ ಅತಿ ಕಡಿಮೆ ಕರೆಂಟು ತಿಂದು ಅತಿ ಹೆಚ್ಚು ಸಾಮಾನು ವಾಪಸು ಕೊಟ್ಟದ್ದು ಅದೊಂದೇ ಮೇಜಂತೆ. ಸಾಮಾನನ್ನು ಜನ ನೆನಪಿಡುವ ರೀತಿಯಲ್ಲಿ ಪಟ್ಟಿ ಮಾಡುವುದು ಹೇಗೆ ಎಂದು ಅವರು ಬಂದು ಹೇಳಿಕೊಡಬೇಕು. ಅದಕ್ಕೂ ಮೊದಲು, ಪರದೆಯ ಮೇಲಿನ ಆ ದರಿದ್ರ ವಾಕ್ಯವನ್ನು ತಿದ್ದಿಕೊಡಬೇಕು, ಏಕೆಂದರೆ ಇಡೀ ಇಲಾಖೆಯಲ್ಲಿ ಅದನ್ನು ಅಷ್ಟು ಶ್ರದ್ಧೆಯಿಂದ ಓದಿದವರು ಅವರೊಬ್ಬರೇ. ನನ್ನ ಎದೆಯ ಮೇಲಿಂದ ಒಂದು ದೊಡ್ಡ ಭಾರ ಇಳಿಯಿತು. ಆ ಹಗುರದಲ್ಲಿ ಬಾಯಿ ತಪ್ಪಿ, ಹಾಗಾದರೆ ಯಾವ ಮೇಜು ಎತ್ತುತ್ತೀರಿ ಎಂದು ಕೇಳಿಬಿಟ್ಟೆ.

"ಯಾರು ಮಾತಾಡ್ತಿರೋದು?"

"ನಾಲ್ಕನೇ ಮೇಜು."

"ಓ" ಎಂದರು ಅವರು. "ಕೆಂಪು ಒಂಬತ್ತಿನವರು."

ಫೋನಿಟ್ಟವನೇ ನಾನು ಕೊಡೆಯವರ ಮನೆಗೆ ಓಡಿದೆ. ಸುದ್ದಿ ಕೇಳಿ ಅವರು, ಇದು ಖಂಡಿತಾ ಆ ಆರಿಸೋದೇನಾ, ಇನ್ನೊಂದಲ್ಲ ತಾನೇ, ಎಂದು ನಾಲ್ಕು ಸಲ ಕೇಳಿದರು. ಅವರ ಹೆಂಡತಿ ಒಳಗೆ ಹೋಗಿ ಜೋರಾಗಿ ಅತ್ತು, ಮುಖ ತೊಳೆದುಕೊಂಡು ಬಂದು, ಅಕ್ಕನಿಗೆ ಫೋನು ಮಾಡಿದರು. ಈ ಸಲ ಅಕ್ಕನಿಂದ ಉತ್ತರ ಬಂತು. ಇಬ್ಬರೂ ಸೇರಿ ಅತ್ತರು ಎಂದು ತಾರಸಿಯಿಂದ ತಿಳಿಯಿತು.

ಈಗ ನಮ್ಮ ಕಂಪ್ಯೂಟರುಗಳು ಅರ್ಧ ಗಂಟೆ ಸುಮ್ಮನಿದ್ದರೆ ಬೇರೆಯೇ ವಾಕ್ಯ ಬರುತ್ತದೆ. 'ಅರ್ಧ ಗಂಟೆಯಿಂದ ಯಾರೂ ಮುಟ್ಟಿಲ್ಲ. ಆದ್ದರಿಂದ ಕಂಪ್ಯೂಟರನ್ನು ಮಾತ್ರ ನಂದಿಸಿದ್ದೇವೆ. ನೀವು ಕ್ಷೇಮವಾಗಿದ್ದೀರಿ.' ಪರದೆಯಲ್ಲಿ ಜಾಗ ಸಾಲುವುದಿಲ್ಲ ಎಂದರಂತೆ. ಅಕ್ಷರ ಸಣ್ಣದು ಮಾಡಿ, ಆದರೆ ಕೊನೆಯ ಮಾತು ತೆಗೆಯಬೇಡಿ, ಎಂದು ಕೊಡೆಯವರು ಹಟ ಹಿಡಿದರಂತೆ.

ನನ್ನ ಮೇಜು ಎತ್ತಿದರು. ಟೈರು ಗೋದಾಮಿಗೆ ಕಳಿಸಲಿಲ್ಲ. ಕೊಡೆಯವರೇ ಕೇಳಿಕೊಂಡು ನನ್ನನ್ನು ಉಗ್ರಾಣಕ್ಕೆ ಸಹಾಯಕನಾಗಿ ಹಾಕಿಸಿಕೊಂಡರು. ನಾನು ಬಾಯಿ ಬಿಡದೆ ಕೂತಿದ್ದ ಆ ದಿನದ ಬಗ್ಗೆ ಅವರು ಇವತ್ತಿನವರೆಗೂ ಒಂದು ಮಾತು ಎತ್ತಿಲ್ಲ. ಇಲ್ಲಿ ಕಂಪ್ಯೂಟರಿಲ್ಲ, ಎಲೆಗಳಿಲ್ಲ. ಬಂದ ಡಬ್ಬಗಳ ಮುಚ್ಚಳ ತೆಗೆದು ನೋಡುತ್ತೇನೆ. ಮೊನ್ನೆ ಹಿಡಿ ಮುಟ್ಟಿ ಒಂದು ಕೊಡೆಯ ಯಜಮಾನರನ್ನು ಗುರುತಿಸಿದೆ. ಕೊಳಲಿನವರೂ ಬಂದು ತೆಗೆದುಕೊಂಡು ಹೋದರು.

ಐದು ಗಂಟೆಗೆ ಕೊಡೆಯವರು ಬೀಗದ ಕೈ ನನಗೆ ಕೊಟ್ಟು, ಹೊರಡುವಾಗ ಲೈಟ್ ಆರಿಸಿ ಬಾ ಎಂದು ಹೇಳಿ ಹೋಗುತ್ತಾರೆ. ಉಗ್ರಾಣದಲ್ಲಿ ಇರುವುದು ಒಂದೇ ಬಲ್ಬು. ಯಾವ ಅರ್ಥದಲ್ಲಿ ಆರಿಸಿದರೂ ತಪ್ಪಾಗುವುದಿಲ್ಲ.